ಅಂಚೆಯಲ್ಲಿ ಬರುತ್ತಿದ್ದ ಕಾರ್ ಕಿಟ್‌ಗಳು: ನಿಮಗೇನು ನೆನಪಿದೆ?

ಹಳೇಡಬ್ಬ

ಪ್ಲಾಸ್ಟಿಕ್ ಮಾಡೆಲ್ ಕಾರ್ ಕಿಟ್‌ಗಳನ್ನು ಅಂಚೆಯಲ್ಲಿ ತರಿಸಿಕೊಂಡು ಬೆಳೆದವರು ಇಲ್ಲಿ ಯಾರ್ಯಾರು ಇದ್ದೀರಿ? ಜೋಡಿಸಿಟ್ಟ ಆಟಿಕೆ ಕಾರಿನ ಮಾತಲ್ಲ. ಬಿಡಿ ಭಾಗಗಳು, ಮಡಿಸಿಟ್ಟ ಸೂಚನಾ ಹಾಳೆ, ನೀರಲ್ಲಿ ನೆನೆಸಿ ಕಾರಿನ ಮೇಲೆ ಅಂಟಿಸುವ ಚಿತ್ರಗಳ ಡೆಕಾಲ್ ಹಾಳೆ, ನಾಲ್ಕು ಟೈರು. ಉಳಿದದ್ದೆಲ್ಲ ನಮ್ಮ ಕೈಕೆಲಸ.

ನನಗೆ ಕಿಟ್‌ಗಿಂತ ಕ್ಯಾಟಲಾಗೇ ಜಾಸ್ತಿ ನೆನಪಿದೆ. ಒಂದೊಂದು ಪುಟದಲ್ಲೂ ಕಾರುಗಳನ್ನು ಒತ್ತೊತ್ತಾಗಿ ತುಂಬಿರುತ್ತಿದ್ದರು. ಕೆಲವಕ್ಕೆ ಹೆಬ್ಬೆರಳುಗುರಿನಷ್ಟು ಕಪ್ಪು-ಬಿಳುಪು ಚಿತ್ರ, ಹಲವಕ್ಕೆ ಅದೂ ಇಲ್ಲ. ಕಾರಿನ ಹೆಸರು, ವರ್ಷ, ಕಿಟ್ ನಂಬರ್, ಬೆಲೆ, ಅಷ್ಟೇ. ‘ಎರಡು ಎಂಜಿನ್, ಬಾನೆಟ್ ತೆರೆಯುತ್ತದೆ’ ಅಂತ ಒಂದು ಸಾಲು ಇದ್ದರೆ ಅದೇ ದೊಡ್ಡದು. ಆ ಸಾಲನ್ನೇ ಓದಿ ಓದಿ ಕಾರನ್ನು ತಲೆಯಲ್ಲೇ ಕಟ್ಟಿ ಮುಗಿಸಿರುತ್ತಿದ್ದೆ.

ಆಮೇಲೆ ಆರ್ಡರ್ ಫಾರ್ಮ್. ಎಷ್ಟು ಬೇಕು, ನಂಬರ್ ಏನು, ಹೆಸರೇನು. ಕೊನೆಯಲ್ಲಿ ಒಂದು ಸಣ್ಣ ಖಾನೆ: ‘ಇದು ಇಲ್ಲದಿದ್ದರೆ ಯಾವುದು ಕಳಿಸಬೇಕು?’ ಉಳಿದ ಫಾರ್ಮ್ ಒಂದು ಕಡೆ, ಆ ಖಾನೆ ಒಂದು ಕಡೆ. ಅಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಕಾಗದವೇ ತೂತು ಬೀಳುತ್ತಿತ್ತು.

ನನ್ನ ವಾದ ಇಷ್ಟೇ: ಕಣ್ಣಲ್ಲಿ ನೋಡದೆ ಆರಿಸುತ್ತಿದ್ದೆವಲ್ಲ, ಸುಖ ಇದ್ದದ್ದು ಅದರಲ್ಲೇ. ಒಪ್ಪದವರು ಜಗಳಕ್ಕೆ ಬನ್ನಿ.

ಬಂಪರ್

ಆ ಖಾನೆಯ ವಿಷಯಕ್ಕೆ ಬಂದಿರಲ್ಲ, ಕೇಳಿ. ನಾನು ಅದರಲ್ಲಿ ಯಾವಾಗಲೂ ಮೊದಲನೇ ಕಿಟ್‌ಗಿಂತ ದುಬಾರಿ ಕಿಟ್ ಬರೆಯುತ್ತಿದ್ದೆ. ಮೊದಲನೆಯದು ಮುಗಿದಿದ್ದರೆ ಅದೇ ದುಡ್ಡಿಗೆ ದೊಡ್ಡದು ಬರಲಿ ಅನ್ನೋ ಆಸೆ. ಕಡೆಗೊಮ್ಮೆ ನಿಜವಾಗಿಯೂ ಮೊದಲನೆಯದು ಮುಗಿದಿತ್ತು. ದೊಡ್ಡ ಕಿಟ್ ಬರಲಿಲ್ಲ. ‘ಇಷ್ಟು ಹಣ ಬಾಕಿ ಇದೆ, ಕಳಿಸಿದರೆ ರವಾನಿಸುತ್ತೇವೆ’ ಅಂತ ಒಂದು ಚೀಟಿ ಬಂತು. ಅದನ್ನು ಮೊದಲು ಒಡೆದು ಓದಿದ್ದು ಅಪ್ಪ.

ಕೆಂಪುಕೂಪೆ

ಹಹ್ಹ, ಬಂಪರ್ ಅವರೇ, ಆ ಐಡಿಯಾ ನಿಮಗೊಬ್ಬರಿಗೇ ಬಂದದ್ದಲ್ಲ ಬಿಡಿ.

ಹಳೇಡಬ್ಬ ಸರ್, ಕ್ಯಾಟಲಾಗ್ ಅಂದ ಮೇಲೆ ಆಟೋ ವರ್ಲ್ಡ್ ಹೆಸರು ಬರಲೇಬೇಕು. ಅಮೆರಿಕದ ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಊರಿನಿಂದ ನಡೆಯುತ್ತಿದ್ದ ಅಂಚೆ ವ್ಯಾಪಾರ. 1960ರ ದಶಕದಲ್ಲಿ ಅಲ್ಲಿನ ಮಕ್ಕಳು ಅದರ ಕ್ಯಾಟಲಾಗನ್ನು ಪಠ್ಯಪುಸ್ತಕಕ್ಕಿಂತ ಶ್ರದ್ಧೆಯಿಂದ ಓದುತ್ತಿದ್ದರಂತೆ. ಕಿಟ್, ಸ್ಲಾಟ್ ಕಾರು (ಟ್ರ್ಯಾಕಿನ ಸೀಳಿನಲ್ಲಿ ಕರೆಂಟಿನಿಂದ ಓಡುವ ಪುಟ್ಟ ಕಾರು), ಬಿಡಿ ಭಾಗ ಎಲ್ಲ ಒಂದೇ ಕಡೆ. ಪಕ್ಕದ ಅಂಗಡಿಯವನು ಖರ್ಚಾಗುವ ನಾಲ್ಕು ಕಿಟ್ ಇಟ್ಟುಕೊಂಡರೆ ಅವನ ಕೆಲಸ ಮುಗೀತು. ಉಳಿದದ್ದು ಬೇಕು ಅಂದರೆ ಅಂಚೆಯೇ ಗತಿ.

ಅದನ್ನು ನಡೆಸುತ್ತಿದ್ದ ಆಸ್ಕರ್ ಕೊವೆಲೆಸ್ಕಿ ಬರೀ ಅಂಗಡಿಯವರಲ್ಲ. ಸ್ವತಃ ರೇಸ್ ಡ್ರೈವರ್. ಕ್ಯಾನ್-ಆ್ಯಮ್ ಅನ್ನೋ ಅಮೆರಿಕ-ಕೆನಡಾದ ರೇಸ್ ಸರಣಿಯಲ್ಲಿ ಮೆಕ್‌ಲಾರೆನ್ ಕಾರು ಓಡಿಸಿದವರು. 1971ರಲ್ಲಿ ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ಕ್ಯಾನನ್‌ಬಾಲ್ ಅನ್ನೋ ಒಂದು ಹುಚ್ಚು ಓಟ ನಡೆಯಿತು. ಆಗ ಇವರೂ ಇವರ ಗೆಳೆಯರೂ ಷೆವ್ರೊಲೆ ವ್ಯಾನಿನ ಒಳಗೆ ಭಾರೀ ಪೆಟ್ರೋಲ್ ಟ್ಯಾಂಕ್ ತುಂಬಿಕೊಂಡು ಹೊರಟರು. ದಾರಿಯಲ್ಲಿ ನಿಲ್ಲುವ ಗೋಜೇ ಬೇಡ ಅಂತ. ಗೆದ್ದದ್ದು ಡ್ಯಾನ್ ಗರ್ನಿ ಮತ್ತು ಬ್ರಾಕ್ ಯೇಟ್ಸ್ ಓಡಿಸಿದ ಫೆರಾರಿ ಡೇಟೋನಾ. ಆದರೆ ಈ ವ್ಯಾನು ಸೋತದ್ದು ಒಂದು ಗಂಟೆಗೂ ಕಡಿಮೆ ಅಂತರದಲ್ಲಿ. ಫೆರಾರಿ ಎಲ್ಲಿ, ಸಾಮಾನು ಸಾಗಿಸೋ ವ್ಯಾನ್ ಎಲ್ಲಿ! ಇಂಥ ಆಸಾಮಿ ಬರೆಸಿದ ಕ್ಯಾಟಲಾಗ್ ಮಕ್ಕಳಿಗೆ ಹಿಡಿಸದೆ ಇರುತ್ತಾ?

ಅನುಮಾನಪ್ಪ

ಜಗಳಕ್ಕೆ ಕರೆದಿದ್ದೀರಿ, ಬಂದೆ.

ಕಾಯುವುದರಲ್ಲಿ ಸುಖ ಇತ್ತು ಅನ್ನೋದು ಈಗ ಹೊಳೆದ ಮಾತು. ಆಗ ಯಾರಿಗೂ ಸುಖ ಇರಲಿಲ್ಲ. ‘ತಲುಪಲು 4ರಿಂದ 6 ವಾರ ಬೇಕಾಗಬಹುದು’ ಅಂತ ಫಾರ್ಮಿನ ಕೆಳಗೆ ಅಚ್ಚಾಗಿರುತ್ತಿತ್ತು. ಮಕ್ಕಳಿಗೆ 6 ವಾರ ಅಂದರೆ ಏನು ಅಂತ ಅದನ್ನು ಅಚ್ಚು ಹಾಕಿಸಿದವರಿಗೆ ಗೊತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಮನೆ ದಾಟಿ ಹೋದ ಮೇಲೂ ಅವರ ಚೀಲ ನೋಡುತ್ತಾ ನಿಲ್ಲುತ್ತಿದ್ದೆ. ಅದನ್ನು ಸುಖ ಅಂತೀರಾ?

ಪಾರ್ಸೆಲ್ ಬಂತು ಅನ್ನಿ. ಒಂದು ಸಲ ಡಬ್ಬ ತೆರೆದರೆ ಮುಂದಿನ ಗಾಜೇ ಇಲ್ಲ. ಕಂಪನಿಯ ಹೆಸರು ಬೇಡ. ಕಾಗದ ಬರೆದೆ. ಉತ್ತರ ಇಲ್ಲ. ಮತ್ತೆ ಬರೆದೆ. ಕೊನೆಗೆ ಗಾಜು ಬಂತು, ಬೇರೆ ಕಾರಿನದು. ಆ ಕಾರು ಈಗಲೂ ಗಾಜಿಲ್ಲದೆ ಕೂತಿದೆ.

ಈಗ ಹೇಗಿದೆ ನೋಡಿ. ಕೊಳ್ಳುವ ಮೊದಲೇ ಡಬ್ಬದ ಒಳಗಿನ ಒಂದೊಂದು ಚೌಕಟ್ಟಿನ ಫೋಟೋ ಸಿಗುತ್ತದೆ. ಬಾಡಿಯ ಅನುಪಾತ ಸರಿ ಇಲ್ಲ ಅಂದರೆ ಹತ್ತು ಜನ ಅಳತೆಪಟ್ಟಿ ಹಿಡಿದು ಬೈದಿರುತ್ತಾರೆ. ನನಗೆ ಇದೇ ಸಾಕು.

ಸ್ಪ್ರೂಕತ್ತರಿ

ಅನುಮಾನಪ್ಪ ಸರ್, ನಿಮ್ಮ ಗಾಜಿನ ಕಥೆ ಕೇಳಿ ಬೇಜಾರಾಯ್ತು. ಆದರೆ ಅದರ ಕಾರಣ ಸ್ವಲ್ಪ ಹೇಳ್ತೀನಿ.

ಅಚ್ಚಿನೊಳಗೆ ಬಿಸಿ ಪಾಲಿಸ್ಟೈರೀನ್ ಒತ್ತಿ ತುಂಬಿದಾಗ ಭಾಗಗಳ ಜೊತೆಗೆ ಪ್ಲಾಸ್ಟಿಕ್ ಹರಿದು ಬಂದ ದಾರಿಯೂ ಗಟ್ಟಿಯಾಗುತ್ತದೆ. ಅದೇ ಸ್ಪ್ರೂ, ಭಾಗಗಳನ್ನು ಹಿಡಿದಿಟ್ಟಿರುವ ಚೌಕಟ್ಟು. ಹಳೆಯ ಕಿಟ್‌ಗಳಲ್ಲಿ ಗಾಜು, ಬಂಪರ್, ಬಾಡಿ ಎಲ್ಲವನ್ನೂ ಒಟ್ಟಿಗೆ ಸುರಿದು ಮುಚ್ಚಳ ಹಾಕಿಬಿಡುತ್ತಿದ್ದರು. ಅಂಚೆಯಲ್ಲಿ ಕುಲುಕಾಡಿ ಸಣ್ಣ ಭಾಗಗಳು ಚೌಕಟ್ಟಿನಿಂದ ಕಳಚಿಕೊಳ್ಳುತ್ತಿದ್ದವು. ಗಾಜು ಬಾಡಿಗೆ ಉಜ್ಜಿ ಗೀರು ಬೀಳುತ್ತಿತ್ತು. ಗಾಜಿಗೆ ಬೇರೆ ಚೀಲ, ಕ್ರೋಮ್ ಭಾಗಗಳಿಗೆ ಬೇರೆ ಚೀಲ ಅನ್ನೋ ಪದ್ಧತಿ ಗಟ್ಟಿಯಾದದ್ದು ಆಮೇಲೆ.

ಸೂಚನಾ ಹಾಳೆಯ ಮೂಲೆಯಲ್ಲಿ ಒಂದು ಚೀಟಿ ಇರುತ್ತಿತ್ತು, ನೆನಪಿದೆಯಾ? ಕಳೆದುಹೋದ ಭಾಗದ ನಂಬರ್ ಬರೆದು, ಕತ್ತರಿಸಿ ಕಳಿಸಬೇಕು. ಒಳ್ಳೆಯ ಕಂಪನಿಗಳು ಕಳಿಸಿಕೊಡುತ್ತಿದ್ದವು. ನನಗೊಮ್ಮೆ ಒಂದು ಸ್ಟಿಯರಿಂಗ್ ಚಕ್ರ ಬೇಕಿತ್ತು. ಅದಿದ್ದ ಇಡೀ ಚೌಕಟ್ಟೇ ಬಂತು. ಸೀಟು, ಎಕ್ಸಾಸ್ಟ್, ಬ್ಯಾಟರಿ ಎಲ್ಲ ಎರಡೆರಡು. ಬಿಡಿ ಭಾಗಗಳ ಡಬ್ಬ ಅನ್ನೋದು ನನಗೆ ಶುರುವಾಗಿದ್ದೇ ಹಾಗೆ.

ಹಳೇಡಬ್ಬ

ಅನುಮಾನಪ್ಪನವರೇ, ನಾನು ಕಾಯುವುದು ಸುಖ ಅಂದಿಲ್ಲ. ಆರಿಸುವುದು ಸುಖ ಅಂದೆ. ಎರಡೂ ಬೇರೆ.

ಆ ಆಯ್ಕೆಗೆ ತೂಕ ಯಾಕಿತ್ತು ಅಂತ ಹೇಳ್ತೀನಿ ಕೇಳಿ. ಎಎಂಟಿ ಕಂಪನಿ ಶುರುವಾದದ್ದು 1948ರಲ್ಲಿ, ಮಿಷಿಗನ್‌ನಲ್ಲಿ. ಅಲ್ಯೂಮಿನಿಯಂ ಮಾಡೆಲ್ ಟಾಯ್ಸ್ ಅಂತ ಪೂರ್ತಿ ಹೆಸರು. ಮೊದಲ ಕಾರು ನಿಜಕ್ಕೂ ಅಲ್ಯೂಮಿನಿಯಂದೇ. ಬೇಗನೇ ಪ್ಲಾಸ್ಟಿಕ್ಕಿಗೆ ಬಂದರು. ಅವರ ಮೂಲ ಕೆಲಸ ಪ್ರೊಮೋ ಮಾಡುವುದು. ಅಂದರೆ ಕಾರ್ ಶೋರೂಮಿನವರಿಗೆ ಹೊಸ ಕಾರಿನ ಪುಟ್ಟ ಪ್ರತಿ ಮಾಡಿಕೊಡುವುದು. 1958ರಲ್ಲಿ ಅದೇ ಅಚ್ಚುಗಳ ಬಲದ ಮೇಲೆ 3-ಇನ್-1 ಕಿಟ್ ತಂದರು. ಒಂದೇ ಡಬ್ಬದಲ್ಲಿ ಕಾರ್ಖಾನೆಯಿಂದ ಬಂದ ಹಾಗೆ, ಕಸ್ಟಮ್ ಮಾಡಿದ ಹಾಗೆ, ರೇಸಿಗೆ ಇಳಿಸಿದ ಹಾಗೆ, ಮೂರರಲ್ಲಿ ಯಾವುದು ಬೇಕೋ ಅದನ್ನು ಕಟ್ಟಬಹುದು. ಆ ಮೊದಲ ಕಿಟ್‌ಗಳಲ್ಲಿ ಎಂಜಿನ್ನೇ ಇರಲಿಲ್ಲ ಅನ್ನೋದು ಬೇರೆ ಮಾತು.

ಮುಖ್ಯ ಸಂಗತಿ ಮುಂದಿದೆ. ಇವು ವಾರ್ಷಿಕ ಕಿಟ್‌ಗಳು. ನಿಜವಾದ ಕಾರಿನ ಹೊಸ ಮಾಡೆಲ್ ಬಂದಾಗ ಕಿಟ್ಟೂ ಹೊಸದು. ಉಕ್ಕಿನ ಅಚ್ಚು ಮಾಡಿಸುವುದು ಭಾರೀ ಖರ್ಚಿನ ಬಾಬತ್ತು. ಹಾಗಾಗಿ ಹಳೆಯ ಅಚ್ಚನ್ನೇ ತಿದ್ದಿ ಮುಂದಿನ ವರ್ಷದ ಕಾರು ಮಾಡುತ್ತಿದ್ದರು. ಹೊಸ ಗ್ರಿಲ್, ಹೊಸ ಬಂಪರ್, ಹಿಂದಿನ ದೀಪ ಬೇರೆ. ಒಮ್ಮೆ ತಿದ್ದಿದ ಮೇಲೆ ಹಿಂದಿನ ವರ್ಷದ ಕಾರು ಆ ಅಚ್ಚಿನಿಂದ ಮತ್ತೆ ಬರೋದಿಲ್ಲ.

ಅಂದರೆ ‘ಸ್ಟಾಕ್ ಇಲ್ಲ’ ಅಂತ ಚೀಟಿ ಬಂದರೆ ಅದು ಸುಮ್ನೆ ಗೋದಾಮಿನಲ್ಲಿ ಇಲ್ಲ ಅಂತಲ್ಲ. ಇನ್ನು ಮುಂದೆ ಹುಟ್ಟೋದೇ ಇಲ್ಲ ಅಂತ. ಈಗ ಫಾರ್ಮಿನ ಆ ಕೊನೆಯ ಖಾನೆ ತುಂಬುವಾಗ ಪೆನ್ನು ಯಾಕೆ ನಿಲ್ಲುತ್ತಿತ್ತು ಗೊತ್ತಾಯ್ತಾ?

ಅನುಮಾನಪ್ಪ

ಇದು ಒಳ್ಳೆ ಪಾಯಿಂಟ್. ಆದರೆ ಆ ವಯಸ್ಸಲ್ಲಿ ನಿಮಗೆ ಅಚ್ಚು ತಿದ್ದುವ ವಿಷಯ ಗೊತ್ತಿತ್ತಾ?

ಹಳೇಡಬ್ಬ

ಇಲ್ಲ. ಹೋದ ವರ್ಷದ ಕಾರು ಈ ವರ್ಷದ ಕ್ಯಾಟಲಾಗಲ್ಲಿ ಇಲ್ಲ ಅನ್ನೋದು ಮಾತ್ರ ಗೊತ್ತಿತ್ತು. ಅಷ್ಟು ಸಾಕಲ್ವಾ ಹೆದರಿಕೆಗೆ.

ಬಂಪರ್

ಪ್ರೊಮೋ ಅಂದಿರಿ. ಅದರ ಇನ್ನೊಂದು ಗೋಳು ಸೇರಿಸ್ತೀನಿ. ಹಳೆಯ ಪ್ರೊಮೋಗಳು ಅಸಿಟೇಟ್ ಪ್ಲಾಸ್ಟಿಕ್ಕಿನವು. ವರ್ಷ ಕಳೆದಂತೆ ಅದು ಸೊಟ್ಟಗಾಗುತ್ತದೆ. ಛಾವಣಿ ಕುಗ್ಗಿ, ಬಾಗಿಲ ಗೆರೆ ಅಲೆಅಲೆಯಾಗಿ, ಕಾರು ಬೆನ್ನು ಬಗ್ಗಿಸಿ ನಿಲ್ಲುತ್ತದೆ. ಆಮೇಲೆ ಸ್ಟೈರೀನ್ (ಪಾಲಿಸ್ಟೈರೀನ್‌ಗೇ ನಾವು ಹೇಳುವ ಚಿಕ್ಕ ಹೆಸರು) ಬಂದ ಮೇಲೆ ಆ ಕಾಟ ತಪ್ಪಿತು. ಕಿಟ್‌ಗಳು ಸ್ಟೈರೀನ್ ಆಗಿದ್ದಕ್ಕೇ ಇವತ್ತಿಗೂ ನೆಟ್ಟಗಿವೆ.

ಇನ್ನೊಂದು ತಮಾಷೆ ಅಳತೆಯದು. ಕ್ಯಾಟಲಾಗಲ್ಲಿ ಸ್ಕೇಲ್, ಅಂದರೆ ನಿಜವಾದ ಕಾರಿನ ಎಷ್ಟನೇ ಒಂದು ಭಾಗ ಅಂತ, ಬರೆದಿರುತ್ತಿತ್ತು, ನೋಡುವವರು ಯಾರು? ಐದು ಮೀಟರ್ ಉದ್ದದ ಕಾರು 1:25ರಲ್ಲಿ 20 ಸೆಂಟಿಮೀಟರ್. ಅದೇ ಕಾರು 1:32ರಲ್ಲಿ 16ಕ್ಕೂ ಕಡಿಮೆ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯ ಕಾರುಗಳು ಹೆಚ್ಚಾಗಿ 1:32. ನನ್ನ ತಮ್ಮ ಎಎಂಟಿ ಕಾರಿನ ಪಕ್ಕದಲ್ಲಿ ನಿಲ್ಲಿಸೋಕೆ ಅಂತ ಅದನ್ನು ತರಿಸಿದ. ದೊಡ್ಡ ಕಾರಿನ ಮಗು ಬಂದ ಹಾಗಿತ್ತು. ‘ದೂರದಲ್ಲಿದೆ ಅಂದುಕೊಳ್ಳಿ’ ಅಂತ ಅದನ್ನು ಕಪಾಟಿನ ಹಿಂದಕ್ಕೆ ಇಟ್ಟ.

ಚಾಸಿಸ್‌ನಂಬರ್

‘ದೂರದಲ್ಲಿದೆ’! ನಿಮ್ಮ ತಮ್ಮನಿಗೆ ನಮಸ್ಕಾರ ತಿಳಿಸಿ.

ಸಿಗದ ಕಾರಿನ ಮಾತು ಬಂದಿದ್ದರಿಂದ ಜೋ-ಹ್ಯಾನ್ ಅನ್ನೋ ಕಂಪನಿಯ ಕ್ರೈಸ್ಲರ್ ಟರ್ಬೈನ್ ಕಿಟ್ ನೆನಪಾಯ್ತು. 1960ರ ದಶಕದ ಶುರುವಿನಲ್ಲಿ ಕ್ರೈಸ್ಲರ್‌ನವರು ಪಿಸ್ಟನ್ ಇಲ್ಲದೆ ಟರ್ಬೈನ್‌ನಿಂದ ಓಡುವ ಕಾರು ಮಾಡಿದರು. ಬಾಡಿ ಕಟ್ಟಿದ್ದು ಇಟಲಿಯ ಗಿಯಾ. ಎಲ್ಲ ಸೇರಿ 55 ಕಾರು. ಅದರಲ್ಲಿ 50 ಕಾರುಗಳನ್ನು ಸರದಿ ಪ್ರಕಾರ 203 ಜನ ಸಾಮಾನ್ಯರಿಗೆ ಓಡಿಸಿ ನೋಡಿ ಅಂತ ಕೊಟ್ಟರು. ಮಾರಾಟ ಮಾತ್ರ ಇಲ್ಲ. ಕೊನೆಗೆ ವಾಪಸ್ ತರಿಸಿಕೊಂಡು 9 ಬಿಟ್ಟು ಉಳಿದವನ್ನೆಲ್ಲ ನಾಶ ಮಾಡಿದರು.

ಆದರೆ ಕಿಟ್ ಮಾರಾಟಕ್ಕಿತ್ತು. ಕೋಟ್ಯಧಿಪತಿಗೂ ಸಿಗದ ಕಾರು ಒಬ್ಬ ಹುಡುಗನಿಗೆ ಅಂಚೆಯಲ್ಲಿ ಬರುತ್ತಿತ್ತು. ನಿಜವಾದ ಕಾರುಗಳಿಗಿಂತ ಪ್ಲಾಸ್ಟಿಕ್ಕಿನವೇ ಜಾಸ್ತಿ ಉಳಿದುಕೊಂಡಿವೆ. ಜೋ-ಹ್ಯಾನ್‌ನವರ ಕೆಲಸ ಅಚ್ಚುಕಟ್ಟು ಅಂತ ಆಗಲೇ ಹೆಸರಿತ್ತು. ಟರ್ಬೈನ್ ಎಂಜಿನ್ ಕಟ್ಟುವಾಗ ಪಿಸ್ಟನ್ ಎಲ್ಲಿ ಅಂತ ಹುಡುಕಿದವರಲ್ಲಿ ನಾನೂ ಒಬ್ಬ.

ಮೌನಹಾರ್ನ್

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಈಗ ಒಂದು ಪ್ರಶ್ನೆ. ನನ್ನ ಹತ್ತಿರ ಆ ಕಾಲದಲ್ಲಿ ಅಂಚೆಯಲ್ಲಿ ತರಿಸಿ ಕಟ್ಟದೇ ಇಟ್ಟ ಒಂದು 1:25 ಕಿಟ್ ಇದೆ. ಬೇಸಿಗೆ ರಜೆಗೆ ಅಂತ ಇಟ್ಟಿದ್ದು, ಆಮೇಲೆ ಅಟ್ಟ ಸೇರಿತು. ಮೊನ್ನೆ ತೆರೆದು ನೋಡಿದೆ. ಬಾಡಿ ಚೆನ್ನಾಗಿದೆ. ಆದರೆ ಒಂದು ಟೈರು ಬಾಡಿಯ ಛಾವಣಿಗೆ ಒರಗಿ ಅಲ್ಲೇ ಕಚ್ಚಿಕೊಂಡಿದೆ. ಬಿಡಿಸಿದರೆ ಟೈರಿನ ಹಲ್ಲುಗೆರೆ ಛಾವಣಿಯಲ್ಲಿ ಅಚ್ಚೊತ್ತಿದೆ. ಮುಟ್ಟಿದರೆ ಅಂಟಂಟು. ಡೆಕಾಲ್ ಹಳದಿಯಾಗಿದೆ. ಕ್ರೋಮ್ ಬಂಪರ್ ಮಂಕಾಗಿದೆ.

ಕಟ್ಟಲಾ, ಹಾಗೇ ಇಡಲಾ?

ಹಳೇಡಬ್ಬ

ಇಡಿ. ಆ ಡಬ್ಬ ಈಗ ಮತ್ತೆ ಸಿಗೋದಿಲ್ಲ.

ಕೆಂಪುಕೂಪೆ

ಕಟ್ಟಿ! ಇಡಿ ಅನ್ನೋರ ಮಾತು ಕೇಳಬೇಡಿ. ಟೈರು ಆಗಲೇ ತಿನ್ನೋಕೆ ಶುರು ಮಾಡಿದೆ. ಹಾಗೇ ಬಿಟ್ಟರೆ ಪೂರ್ತಿ ತಿನ್ನುತ್ತದೆ.

ಸ್ಪ್ರೂಕತ್ತರಿ

ಮೌನಹಾರ್ನ್ ಅವರೇ, ಜಗಳ ಅವರವರು ಆಡಿಕೊಳ್ಳಲಿ, ಮೊದಲು ಟೈರನ್ನು ಬೇರೆ ಚೀಲಕ್ಕೆ ಹಾಕಿ. ಇವತ್ತೇ.

ಆಗಿರೋದು ಇಷ್ಟು. ಆ ಟೈರು ಮೆತ್ತಗಿನ ವಿನೈಲ್. ವಿನೈಲ್ ಮೆತ್ತಗಿರಲಿ ಅಂತ ಅದಕ್ಕೆ ಪ್ಲಾಸ್ಟಿಸೈಸರ್ ಅನ್ನೋ ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ವರ್ಷಗಟ್ಟಲೆ ಒಂದೇ ಕಡೆ ಒತ್ತಿಕೊಂಡಿದ್ದರೆ ಅದು ಟೈರಿನಿಂದ ಜಿನುಗಿ ಸ್ಟೈರೀನ್‌ಗೆ ಇಳಿಯುತ್ತದೆ. ಸ್ಟೈರೀನ್ ಕರಗಿ ಮೆತ್ತಗಾಗುತ್ತದೆ. ಶಾಖ ಜಾಸ್ತಿ ಇರುವ ಅಟ್ಟದಲ್ಲಿ ಇನ್ನೂ ಬೇಗ. ಗಾಜಿನ ಮೇಲೆ ಬಿದ್ದಿದ್ದರೆ ಗಾಜು ಹೋದಂತೆ. ಛಾವಣಿ ಅಂದಿರಿ, ಅದೃಷ್ಟ. ಮೆತ್ತಗಾದ ಭಾಗವನ್ನು ಪೂರ್ತಿ ಕೆರೆದು ತೆಗೆಯಿರಿ, ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ. ಅಂಟಂಟು ಉಳಿದಿರುವಾಗ ಪುಟ್ಟಿ ಹಾಕಿದರೆ ನಿಲ್ಲೋದಿಲ್ಲ.

ಡೆಕಾಲ್ ಹಾಳೆಯನ್ನು ಪಾರದರ್ಶಕ ಚೀಲದಲ್ಲಿ ಹಾಕಿ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಟೇಪ್ ಹಾಕಿ ಅಂಟಿಸಿ. ಚಿತ್ರದ ಮುಖ ಹೊರಗೆ. ಬಿಸಿಲಿಗೆ ಹಳದಿ ತಿಳಿಯಾಗುತ್ತಾ ಬರುತ್ತದೆ. ಆಮೇಲೆ ನೇರ ನೀರಿಗೆ ಹಾಕಬೇಡಿ, ಹಳೇ ಡೆಕಾಲ್ ನೀರಲ್ಲಿ ಚೂರುಚೂರಾಗುತ್ತದೆ. ಮೇಲೆ ಒಂದು ಪದರ ಕ್ಲಿಯರ್ (ಬಣ್ಣವಿಲ್ಲದ ವಾರ್ನಿಷ್) ಹೊಡೆದು, ಒಣಗಿಸಿ, ಒಂದೊಂದನ್ನೇ ಕತ್ತರಿಸಿಕೊಂಡು ನೀರಿಗೆ ಬಿಡಿ.

ಕ್ರೋಮ್ ಬಗ್ಗೆ: ಅದು ನಿಜವಾದ ಕ್ರೋಮಿಯಂ ಅಲ್ಲ. ಪ್ಲಾಸ್ಟಿಕ್ಕಿಗೆ ಮೊದಲು ಲ್ಯಾಕರ್ ಬಳಿದು, ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಅಲ್ಯೂಮಿನಿಯಂ ಆವಿಯಾಗಿಸಿ ಮೇಲೆ ಕೂರಿಸಿರುತ್ತಾರೆ. ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ನೆನೆಸಿಟ್ಟರೆ ಆ ಹೊಳಪು ಪೂರ್ತಿ ಬಿಟ್ಟುಕೊಳ್ಳುತ್ತದೆ. ಆಮೇಲೆ ನಿಮಗೆ ಬೇಕಾದ ಬಣ್ಣ. ಹಾಗೇ ಬಳಸುವುದಾದರೆ ಅಂಟು ಹಚ್ಚುವ ಜಾಗದಲ್ಲಿ ಮಾತ್ರ ಹೊಳಪು ಕೆರೆಯಿರಿ. ಅಂಟು ಕರಗಿಸೋದು ಸ್ಟೈರೀನನ್ನು, ಮೇಲಿನ ಪದರವನ್ನಲ್ಲ. ಚಿಕ್ಕಂದಿನಲ್ಲಿ ಬಂಪರ್ ಪದೇ ಪದೇ ಯಾಕೆ ಕಳಚಿ ಬೀಳುತ್ತಿತ್ತು ಅಂತ ಈಗ ಗೊತ್ತಾಗಿರಬೇಕು.

ಬಂಪರ್

ನನ್ನ ಹೆಸರು ಹೇಗೆ ಬಂತು ಅಂತಲೂ ಗೊತ್ತಾಗಿರಬೇಕು.

ಅನುಮಾನಪ್ಪ

ಮೌನಹಾರ್ನ್, ಕಟ್ಟೋ ಮೊದಲು ಅದೇ ಕಿಟ್ ಮರುಮುದ್ರಣ ಆಗಿದೆಯಾ ಅಂತ ನೋಡಿ. ಎಎಂಟಿ, ಅದರ ಹಾಗೇ ಇನ್ನೊಂದು ಕಿಟ್ ಕಂಪನಿಯಾದ ಎಂಪಿಸಿ, ಎರಡೂ ಹೆಸರುಗಳು ಈಗ ರೌಂಡ್ 2 ಕಂಪನಿಯ ಕೈಯಲ್ಲಿವೆ. ಉಳಿದುಕೊಂಡ ಹಳೆಯ ಅಚ್ಚುಗಳಿಂದ ಮತ್ತೆ ತೆಗೆಯುತ್ತಾರೆ, ಡಬ್ಬದ ಚಿತ್ರ ಕೂಡ ಹಳೆಯದೇ. ಟೈರು ಹೊಸದು, ಡೆಕಾಲ್ ಹೊಸದು. ಮರುಮುದ್ರಣ ಇದ್ದರೆ ಹಳೆಯದನ್ನು ಧೈರ್ಯವಾಗಿ ಕತ್ತರಿಸಿ. ಹಳೇಡಬ್ಬ ಅವರು ಹೇಳಿದ ಹಾಗೆ ಅಚ್ಚು ತಿದ್ದಿಹೋದ ವಾರ್ಷಿಕ ಕಿಟ್ ಆಗಿದ್ದರೆ ಮಾತ್ರ ಎರಡು ಸಲ ಯೋಚಿಸಿ.

ಕೆಂಪುಕೂಪೆ ಅವರಿಗೆ ಒಂದು ಸುದ್ದಿ: ನಿಮ್ಮ ಆಟೋ ವರ್ಲ್ಡ್ ಹೆಸರೂ ಈಗ ರೌಂಡ್ 2 ಹತ್ತಿರವೇ ಇದೆ. ಕಿಟ್ಟೂ ಕ್ಯಾಟಲಾಗೂ ಒಂದೇ ಮನೆ ಸೇರಿದವು.

ಕೆಂಪುಕೂಪೆ

ಅಯ್ಯೋ, ಸಂಬಂಧ ಬೆಳೆಸಿಬಿಟ್ಟರು.

ಅಂಟಿನ ಮಾತು ಯಾರೂ ಪೂರ್ತಿ ಮಾಡಲಿಲ್ಲ. ಟ್ಯೂಬ್ ಅಂಟು ಜೇಡರಬಲೆಯ ಹಾಗೆ ಎಳೆ ಎಳೆಯಾಗಿ ಬರುತ್ತಿತ್ತಲ್ಲ! ಮೂತಿ ಎತ್ತಿದರೆ ಒಂದು ಎಳೆ ಬಾನೆಟ್ ಮೇಲೆ, ಇನ್ನೊಂದು ಗಾಜಿನ ಮೇಲೆ. ಒರೆಸಿದರೆ ಕೆಟ್ಟೇ ಹೋಯ್ತು, ಅಲ್ಲಿನ ಪ್ಲಾಸ್ಟಿಕ್ ಆಗಲೇ ಕರಗಿರುತ್ತದೆ. ಬಿಟ್ಟು ಒಣಗಿಸಿ ಆಮೇಲೆ ಉಜ್ಜಬೇಕು. ಅದು ಅಂಟಿಸುವ ಅಂಟಲ್ಲ, ಎರಡು ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ದ್ರಾವಣ. ಸರಿಯಾಗಿ ಕೂತರೆ ಮುರಿದರೂ ಬೇರೆ ಕಡೆ ಮುರಿಯುತ್ತದೆ, ಆ ಬೆಸುಗೆಯಲ್ಲಿ ಅಲ್ಲ. ಗಾಜಿಗೆ ಮಾತ್ರ ಅದು ಬೇಡವೇ ಬೇಡ. ಬಿಳಿ ಅಂಟು ಸಾಕು, ಒಣಗಿದ ಮೇಲೆ ಕಾಣೋದೂ ಇಲ್ಲ.

ಆ ಅಂಟಿನಲ್ಲಿ ಟಾಲ್ಯೂಯಿನ್ ಅನ್ನೋ ಘಾಟಿನ ದ್ರಾವಕ ಇರುತ್ತಿತ್ತು. 1960ರ ದಶಕದಲ್ಲಿ ಅಮೆರಿಕದಲ್ಲಿ ಮಕ್ಕಳು ಅದನ್ನು ಮೂಸಿ ಅಮಲೇರಿಸಿಕೊಳ್ಳುತ್ತಾರೆ ಅಂತ ದೊಡ್ಡ ಗದ್ದಲ ಆಯ್ತು. ಎಷ್ಟೋ ಕಡೆ ಅಂಗಡಿಯವರು ಮಕ್ಕಳಿಗೆ ಅಂಟು ಮಾರುವುದಕ್ಕೇ ತಡೆ ಬಿತ್ತು. ಆ ದಶಕದ ಕೊನೆಗೆ ಟೆಸ್ಟರ್ಸ್ ಕಂಪನಿ ಅದಕ್ಕೆ ಸಾಸಿವೆ ಎಣ್ಣೆಯ ಘಾಟು ಸೇರಿಸಿತು. ಮೂಗು ಹತ್ತಿರ ತಂದರೆ ಕಣ್ಣಲ್ಲಿ ನೀರು. ಕಟ್ಟುವವರಿಗೂ ಕಣ್ಣೀರೇ, ಏನು ಮಾಡೋದು.

ಬಣ್ಣದ್ದೂ ಇದೇ ತೊಂದರೆ. ಬೆಂಕಿ ಹತ್ತುವ ವಸ್ತು ಅಂತ ಅಂಚೆಯಲ್ಲಿ ಕಳಿಸೋಕೆ ಕಟ್ಟುಪಾಡು. ಕಿಟ್ ಬಂದರೂ ಬಣ್ಣ ಬಾರದೆ ಪ್ಲಾಸ್ಟಿಕ್ಕಿನ ಬಣ್ಣದಲ್ಲೇ ಕಟ್ಟಿ ಮುಗಿಸಿದ ಕಾರುಗಳು ನನ್ನಲ್ಲಿ ಜಾಸ್ತಿ.

ಚಾಸಿಸ್‌ನಂಬರ್

ಎಲ್ಲರೂ ಕಾರು ತರಿಸಿದ ಕಥೆ ಹೇಳ್ತಿದ್ದೀರಿ. ಕಳಿಸಿದವರ ಕಥೆಯೂ ಇದೆ.

ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್ ಅಂತ ಜನರಲ್ ಮೋಟರ್ಸ್ ಬೆಂಬಲದ ಒಂದು ಸ್ಪರ್ಧೆ 1930ರಿಂದ 1968ರವರೆಗೆ ನಡೆಯಿತು. ಹೆಸರು ನೋಂದಾಯಿಸಿದ ಹುಡುಗರಿಗೆ ಮಾಡುವ ವಿಧಾನದ ಪುಸ್ತಿಕೆ ಅಂಚೆಯಲ್ಲಿ ಬರುತ್ತಿತ್ತು. ಮೊದಮೊದಲು ನೆಪೋಲಿಯನ್ ಕಾಲದ ಸಾರೋಟಿನ ಮಾದರಿ ಮಾಡಬೇಕಿತ್ತು. ಆಮೇಲೆ ತಮ್ಮದೇ ಕಲ್ಪನೆಯ ಕಾರು, ಹೆಚ್ಚಾಗಿ 1:12ರಲ್ಲಿ. ಅಚ್ಚಿನ ಭಾಗ ಇಲ್ಲ, ಡೆಕಾಲ್ ಇಲ್ಲ. ಮರ ಕೆತ್ತಿ, ಪ್ಲಾಸ್ಟರ್ ಎರಕ ಹೊಯ್ದು, ಲೋಹ ಅರ ಹಾಕಿ, ಬಣ್ಣ ಉಜ್ಜಿ ಉಜ್ಜಿ ಹೊಳಪು ತಂದು ಮಾಡಬೇಕು. ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಭದ್ರ ಮಾಡಿ ತೀರ್ಪಿಗೆ ಕಳಿಸಬೇಕು. ತಿಂಗಳುಗಟ್ಟಲೆ ದುಡಿದ ಕಾರನ್ನು ಪಾರ್ಸೆಲ್‌ನವರ ಕೈಗೆ ಕೊಟ್ಟು ಬರುವಾಗ ಹೇಗಿದ್ದೀತು ಯೋಚಿಸಿ.

ಗೆದ್ದವರಿಗೆ ಓದಲು ವಿದ್ಯಾರ್ಥಿವೇತನ. 1947ರಲ್ಲಿ ಗೆದ್ದ ಚಕ್ ಜೋರ್ಡನ್ ಮುಂದೆ ಜನರಲ್ ಮೋಟರ್ಸ್‌ನ ವಿನ್ಯಾಸ ವಿಭಾಗಕ್ಕೇ ಮುಖ್ಯಸ್ಥರಾದರು.

ಕೆಂಪುಕೂಪೆ

ಹುಡುಗರಿಗೆ ಮಾತ್ರ ಅನ್ನೋದನ್ನು ಮೆಲ್ಲಗೆ ಹೇಳಿ ಮುಂದೆ ಹೋದಿರಿ ನೋಡಿ. ಆರ್ಡರ್ ಫಾರ್ಮಿನಲ್ಲಿ ನಾನು ಅಣ್ಣನ ಹೆಸರು ಬರೆಯುತ್ತಿದ್ದೆ. ಕಾರು ಕಟ್ಟುತ್ತಿದ್ದವಳು ನಾನು, ಪಾರ್ಸೆಲ್ ಅವನ ಹೆಸರಿಗೆ. ಅದರ ಮೇಲೆ ಅವನು ಹಕ್ಕು ಸಾಧಿಸಿದ್ದೂ ಉಂಟು.

ಚಾಸಿಸ್‌ನಂಬರ್

ಸರಿಯಾಗಿ ಹೇಳಿದಿರಿ ಅಕ್ಕ. ಕ್ಯಾಟಲಾಗಿನ ಚಿತ್ರಗಳಲ್ಲೂ ಅಪ್ಪ-ಮಗ ಮಾತ್ರ.

ಅನುಮಾನಪ್ಪ

ನಾನು ಹಳೆಯದನ್ನು ಬೈಯ್ಯುತ್ತೇನೆ ಅಂತ ಅನ್ನಿಸಿದ್ದರೆ ಒಂದು ಹೊಗಳಿಕೆಯನ್ನೂ ಕೇಳಿ. ಇವತ್ತಿನ ಕಿಟ್‌ಗಳಲ್ಲಿ ಭಾಗಗಳು ಕ್ಲಿಕ್ ಅಂತ ಕೂರುವುದಕ್ಕೆ ಬಹುಪಾಲು ಕಾರಣ ಜಪಾನಿನವರು. ಅಲ್ಲಿನ ಕಿಟ್ ಕಂಪನಿ ಟಮಿಯಾದ ಶುನ್ಸಾಕು ಟಮಿಯಾ 1970ರ ದಶಕದಲ್ಲಿ ಪೋರ್ಷೆ ಮಾಡೆಲ್ ಮಾಡಲು ಹೊರಟಾಗ ಫೋಟೋ ಸಾಲದು ಅನ್ನಿಸಿ ಒಂದು ನಿಜವಾದ 911 ಕಾರನ್ನೇ ಕೊಂಡು ಬಿಚ್ಚಿಸಿ ನೋಡಿದರು. 1976ರಲ್ಲಿ 911ರ ರೇಸ್ ರೂಪವಾದ ಪೋರ್ಷೆ 934ರ ಕಿಟ್ ಬಂತು, 1:12ರಲ್ಲಿ. ಅವರ ಮೊದಲ ರೇಡಿಯೋ ಕಂಟ್ರೋಲ್ ಕಾರು ಕೂಡ ಅದೇ 934.

ಅಂದರೆ ಅಲ್ಲಿ ನೋಡದೆ ಆರಿಸುವ ಕಥೆಯೇ ಇಲ್ಲ. ನಮ್ಮ ಪರವಾಗಿ ಆತನೇ ಬಿಚ್ಚಿ ನೋಡಿದ್ದಾರೆ.

ಹಳೇಡಬ್ಬ

ಅದಕ್ಕೇ ಟಮಿಯಾ ಕಿಟ್ ಕಟ್ಟುವಾಗ ನನಗೆ ಕೆಲಸವೇ ಇಲ್ಲ ಅನ್ನಿಸೋದು. ಹಳೇ ಎಎಂಟಿ ಬಾಡಿ ಮತ್ತು ಚಾಸಿಸ್ ಕೂರಿಸಲು ಅರ ಹಿಡಿದು ಬಡಿದಾಡಿದ ಮೇಲೆ ಆ ಕಾರು ನಿಮ್ಮದು.

ಅನುಮಾನಪ್ಪ

ನಿಮ್ಮದು ಆಗೋದು ಹೌದು. ಕಾರು ಆಗೋದು ಅನುಮಾನ.

ಮೌನಹಾರ್ನ್

ಎಲ್ಲರಿಗೂ ಥ್ಯಾಂಕ್ಸ್. ಹುಡುಕಿದೆ, ನನ್ನ ಕಿಟ್ ಮರುಮುದ್ರಣ ಆಗಿದೆ. ಹಳೇಡಬ್ಬ ಸರ್ ಕ್ಷಮಿಸಬೇಕು, ಕಟ್ಟೋಕೆ ಶುರು ಮಾಡಿದೆ. ಛಾವಣಿಗೆ ಪುಟ್ಟಿ ಹಾಕಿ ಉಜ್ಜಿದ್ದಾಗಿದೆ. ಹಲ್ಲುಗೆರೆ ಈಗ ಕಾಣುವುದಿಲ್ಲ. ಡೆಕಾಲ್ ಕಿಟಕಿಯಲ್ಲಿದೆ. ಬಂಪರಿಗೆ ಬ್ಲೀಚ್ ಆಯ್ತು, ಒಳಗೆ ಕಂದು ಬಣ್ಣದ ಲ್ಯಾಕರ್ ಉಳಿದುಕೊಂಡಿದೆ. ಅದನ್ನು ತೆಗೆಯಬೇಕಾ?

ಇನ್ನೊಂದು: ಹಳೇ ಟೈರುಗಳನ್ನೇ ಬಳಸುವ ಆಸೆ. ಅವುಗಳ ಮೇಲಿನ ಅಕ್ಷರ ಹೊಸ ಟೈರಿನಲ್ಲಿ ಇಲ್ಲ.

ಸ್ಪ್ರೂಕತ್ತರಿ

ಲ್ಯಾಕರ್ ಸಮವಾಗಿದ್ದರೆ ಇರಲಿ, ಮೇಲೆ ಪ್ರೈಮರ್ ಹೊಡೆಯಿರಿ. ದಪ್ಪಗಾಗಿ ಗ್ರಿಲ್ಲಿನ ಗೆರೆಗಳು ಮುಚ್ಚಿಹೋಗಿದ್ದರೆ ಮಾತ್ರ ತೆಗೆಯಬೇಕು. ಯಾವ ದ್ರಾವಣ ಆದರೂ ಮೊದಲು ಸ್ಪ್ರೂ ತುಂಡಿನ ಮೇಲೆ ಹಾಕಿ ನೋಡಿ. ಕೆಲವು ಸ್ಟೈರೀನನ್ನೂ ತಿನ್ನುತ್ತವೆ.

ಹಳೇ ಟೈರು ಬಳಸಬಹುದು, ಆದರೆ ರಿಮ್‌ಗೆ ನೇರ ತಾಗಬಾರದು. ಇಲ್ಲ ಅಂದರೆ ಛಾವಣಿಗೆ ಆದದ್ದು ರಿಮ್‌ಗೂ ಆಗುತ್ತದೆ. ರಿಮ್‌ನ ಸುತ್ತ ತೆಳು ಲೋಹದ ಫಾಯಿಲ್ ಪಟ್ಟಿ ಸುತ್ತಿ, ಆಮೇಲೆ ಟೈರು ಹಾಕಿ. ಪಟ್ಟಿ ಟೈರಿನ ಅಂಚಿಗಿಂತ ಕೂದಲೆಳೆಯಷ್ಟು ಒಳಗೆ ಇರಲಿ, ಹೊರಗೆ ಹೊಳೆಯಬಾರದು. ಕಪಾಟಿನಲ್ಲಿ ನಿಲ್ಲಿಸುವಾಗ ಬಣ್ಣ ಬಳಿದ ಹಲಗೆಯ ಮೇಲೆ ನೇರ ನಿಲ್ಲಿಸಬೇಡಿ, ಬಣ್ಣವನ್ನೂ ಕಚ್ಚಿಕೊಳ್ಳುತ್ತದೆ.

ಬಂಪರ್

ಅಕ್ಷರಕ್ಕೆ ಬಿಳಿ ಬಣ್ಣ ತುಂಬಬೇಕಾದರೆ ಕುಂಚ ಬೇಡ. ಹಲ್ಲುಕಡ್ಡಿಯ ತುದಿಗೆ ಬಣ್ಣ ಮುಟ್ಟಿಸಿ, ಅಕ್ಷರದ ತಲೆಗೆ ಮಾತ್ರ ತಾಗಿಸಿ. ಕೈ ನಡುಗಿದರೆ ತಮ್ಮನನ್ನು ಕಳಿಸ್ತೀನಿ.